ಕ್ಯಾಮೆರಾ ಲೆನ್ಸಿಗೆ ಎನ್‌ಡಿ ಫಿಲ್ಟರ್ ಆರಿಸುವುದು: ಕರಾವಳಿಯ ಛಾಯಾಗ್ರಾಹಕರು ಪದೇ ಪದೇ ಕೇಳುವ ಪ್ರಶ್ನೆಗಳು

ಸೋಮೇಶ್ವರದಿಂದ ಮರವಂತೆಯವರೆಗಿನ ಕಡಲತೀರದಲ್ಲಿ ಟ್ರೈಪಾಡ್ ಊರುವವರು, ಮದುವೆ ಮತ್ತು ಕಿರುಚಿತ್ರಗಳ ವಿಡಿಯೊ ಮಾಡುವವರು, ಹೊಸದಾಗಿ ಕ್ಯಾಮೆರಾ ಕೊಂಡ ಮಣಿಪಾಲ, ಸುರತ್ಕಲ್ಲುಗಳ ವಿದ್ಯಾರ್ಥಿಗಳು ಮಾತಿನಲ್ಲಿಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಆದಷ್ಟೂ ಅವರದೇ ಮಾತಿನಲ್ಲಿ ಇಲ್ಲಿ ಕೊಟ್ಟು ಉತ್ತರಿಸಿದ್ದೇನೆ. ಬೇಕಾದ ಪ್ರಶ್ನೆಯನ್ನು ಮಾತ್ರ ಓದಿದರೂ ಸಾಕಾಗುವಂತೆ ಪ್ರತಿ ಉತ್ತರವೂ ಸ್ವತಂತ್ರವಾಗಿದೆ. ಸೆನ್ಸರಿಗೆ ಬೆಳಕು ಬಿಡುವ ಷಟರ್ ಎಷ್ಟು ಹೊತ್ತು ತೆರೆದಿರಬೇಕೆಂದು ಮೊದಲು ತೀರ್ಮಾನಿಸಿದವರಿಗೆ ಫಿಲ್ಟರಿನ ಆಯ್ಕೆ ಕಷ್ಟವಾಗುವುದಿಲ್ಲ. ಹಾಗಾಗಿ ಹೆಚ್ಚಿನ ಉತ್ತರಗಳು ಆ ಹೊತ್ತಿನ ಲೆಕ್ಕದಿಂದಲೇ ಹೊರಡುತ್ತವೆ.

## ಆರಂಭದ ಪ್ರಶ್ನೆಗಳು

ಎನ್‌ಡಿ ಫಿಲ್ಟರ್ ಯಾಕೆ ಬೇಕು? ಬೆಳಕು ಜಾಸ್ತಿ ಇದ್ದರೆ ಅಪರ್ಚರ್ ಸಣ್ಣ ಮಾಡಿದರೆ ಸಾಕಲ್ಲ?

ಎನ್‌ಡಿ ಫಿಲ್ಟರ್ ಎಂದರೆ ನ್ಯೂಟ್ರಲ್ ಡೆನ್ಸಿಟಿ ಫಿಲ್ಟರ್, ಲೆನ್ಸಿನ ಮುಂದೆ ಹಾಕುವ ಬೂದು ಬಣ್ಣದ ಗಾಜು. ಅದು ಎಲ್ಲ ಬಣ್ಣಗಳ ಬೆಳಕನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸುತ್ತದೆ. ಲೆನ್ಸಿನೊಳಗಿನ ಕಿಂಡಿಯಾದ ಅಪರ್ಚರನ್ನು ಕಿರಿದು ಮಾಡಿದರೂ (ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು) ಬೆಳಕು ತಗ್ಗುತ್ತದೆಯಾದರೂ ಆ ದಾರಿ ಬೇಗ ಮುಗಿದುಹೋಗುತ್ತದೆ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಸೆನ್ಸರಿನ ಸೂಕ್ಷ್ಮತೆಯ ಅಂಕಿಯಾದ ಐಎಸ್‌ಒ 100 ಮತ್ತು ಎಫ್/22 ಇಟ್ಟರೂ ಷಟರ್ 1/50 ಸೆಕೆಂಡಿನ ಆಸುಪಾಸಿಗೆ ಬಂದು ನಿಲ್ಲುತ್ತದೆ. ತೆರೆಯ ಚಲನೆ ಚಿತ್ರದಲ್ಲಿ ಕಾಣಬೇಕಾದರೆ ಕಾಲು ಸೆಕೆಂಡಾದರೂ ಬೇಕು. ಅದಲ್ಲದೆ ಎಫ್/16 ದಾಟಿದ ಮೇಲೆ ಬೆಳಕಿನ ವಿವರ್ತನೆಯಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದರಿಂದ) ಇಡೀ ಚಿತ್ರದ ಶಾರ್ಪ್‌ನೆಸ್ ಕುಂದುತ್ತದೆ. ಚಿಕ್ಕದಾದ ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾಗಳಲ್ಲಿ ಎಫ್/11 ದಾಟುವಾಗಲೇ ಇದು ಕಣ್ಣಿಗೆ ಬೀಳತೊಡಗುತ್ತದೆ. ಹಿನ್ನೆಲೆ ಮಸುಕಾಗಲೆಂದು ಬಿಸಿಲಿನಲ್ಲಿಯೂ ಎಫ್/1.8ರಲ್ಲೇ ಚಿತ್ರ ತೆಗೆಯುವವರಂತೂ ಅಪರ್ಚರನ್ನು ಮುಟ್ಟುವ ಹಾಗೆಯೇ ಇಲ್ಲ.

ಒಂದರಲ್ಲಿ ಎನ್‌ಡಿ 8 ಅಂತ ಉಂಟು, ಇನ್ನೊಂದರಲ್ಲಿ 0.9 ಅಂತ ಉಂಟು. ಯಾವುದು ಹೆಚ್ಚು ಕಪ್ಪು?

ಎರಡೂ ಒಂದೇ. ಎನ್‌ಡಿ 8 ಎಂದರೆ ಬೆಳಕು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂದರ್ಥ, 0.9 ಎಂಬುದು ಅದೇ ಇಳಿಕೆಯನ್ನು ಲಾಗರಿದಮ್ ಲೆಕ್ಕದಲ್ಲಿ ಹೇಳುವ ಸಾಂದ್ರತೆಯ ಅಂಕಿ. ಛಾಯಾಗ್ರಾಹಕರಿಗೆ ಅನುಕೂಲವಾದದ್ದು ಸ್ಟಾಪ್ ಲೆಕ್ಕ: ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು, ಸಾಂದ್ರತೆಯಲ್ಲಿ ಅದು 0.3. ಆದ್ದರಿಂದ ಎನ್‌ಡಿ 8 ಎಂಬುದು 3 ಸ್ಟಾಪ್, ಎನ್‌ಡಿ 64 ಎಂಬುದು 6 ಸ್ಟಾಪ್ ಅಥವಾ 1.8, ಎನ್‌ಡಿ 1000 ಎಂಬುದು 10 ಸ್ಟಾಪ್ ಅಥವಾ 3.0. ಬಿ+ಡಬ್ಲ್ಯೂ ಕಂಪೆನಿಯ 103, 106, 110 ಎಂಬ ಹೆಸರುಗಳು ಮಾತ್ರ ಹಲವರನ್ನು ಗೊಂದಲಕ್ಕೆ ಕೆಡಹುತ್ತವೆ. ಅವು ಕ್ರಮವಾಗಿ 3, 6 ಮತ್ತು 10 ಸ್ಟಾಪ್‌ಗಳು. ಕೊಳ್ಳುವಾಗ ಡಬ್ಬಿಯ ಮೇಲೆ ಸ್ಟಾಪ್ ಎಷ್ಟೆಂದು ಹುಡುಕಿ ಓದಿಕೊಳ್ಳಬೇಕು.

ಮೊದಲ ಫಿಲ್ಟರ್ ಯಾವುದು ತೆಗೊಳ್ಳಲಿ? ಎಲ್ಲರೂ 10 ಸ್ಟಾಪ್ ತೆಗೊ ಅಂತಾರೆ.

ಈ ತೀರದಲ್ಲಿ ಚಿತ್ರ ತೆಗೆಯುವವರಿಗೆ ಮೊದಲು ಬೇಕಾದದ್ದು 6 ಸ್ಟಾಪ್ ಫಿಲ್ಟರ್ ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಕಡಲು ಪಡುವಣಕ್ಕೆ ಮುಖಮಾಡಿದೆ; ಆಕಾಶ, ನೀರು ಎರಡಕ್ಕೂ ಬಣ್ಣ ಬರುವುದು ಸೂರ್ಯ ಮುಳುಗುವುದಕ್ಕೆ ತುಸು ಮುಂಚೆ ಮತ್ತು ಮುಳುಗಿದ ನಂತರದ ಇಪ್ಪತ್ತು ನಿಮಿಷಗಳಲ್ಲಿ. ಸೂರ್ಯ ನೀರಿಗೆ ತಾಗುವ ಹೊತ್ತಿಗೆ ಐಎಸ್‌ಒ 100, ಎಫ್/11ರಲ್ಲಿ ಷಟರ್ ಸುಮಾರು 1/30 ಸೆಕೆಂಡು ತೋರಿಸುತ್ತದೆ ಎಂದಿಟ್ಟುಕೊಳ್ಳೋಣ. 3 ಸ್ಟಾಪ್ ಹಾಕಿದರೆ ಅದು ಕಾಲು ಸೆಕೆಂಡು, 6 ಸ್ಟಾಪ್ ಹಾಕಿದರೆ 2 ಸೆಕೆಂಡು, 10 ಸ್ಟಾಪ್ ಹಾಕಿದರೆ 34 ಸೆಕೆಂಡು ಆಗುತ್ತದೆ. 34 ಸೆಕೆಂಡುಗಳಲ್ಲಿ ಹಲವು ತೆರೆಗಳು ಬಂದು ಹೋಗಿ ತೆರೆ ಎಂಬುದೇ ಉಳಿಯದೆ ನೀರು ಮಂಜಾಗುತ್ತದೆ. ಮುಳುಗಿ ಹತ್ತು ಹದಿನೈದು ನಿಮಿಷವಾದ ಮೇಲೆ ಅದೇ ಸೆಟ್ಟಿಂಗಿನಲ್ಲಿ ಷಟರ್ ಕಾಲು ಸೆಕೆಂಡಿಗೆ ಇಳಿದಿರುತ್ತದೆ; ಆಗ 6 ಸ್ಟಾಪ್ 16 ಸೆಕೆಂಡು ಕೊಟ್ಟರೆ 10 ಸ್ಟಾಪ್ ನಾಲ್ಕು ನಿಮಿಷಕ್ಕೂ ಮೀರಿ ಕಾಯಿಸುತ್ತದೆ, ಅಷ್ಟರಲ್ಲಿ ಆಕಾಶದ ಬಣ್ಣವೇ ಇಳಿದಿರುತ್ತದೆ.

ಎರಡನೆಯದಾಗಿ 3 ಸ್ಟಾಪ್ ಕೊಳ್ಳಬಹುದು. 6 ಮತ್ತು 3 ಒಟ್ಟಿಗೆ ಹಾಕಿದರೆ 9 ಸ್ಟಾಪ್ ಆಗುವುದರಿಂದ 10 ಸ್ಟಾಪಿನ ಕೊರತೆ ಬಹುಕಾಲ ಕಾಡುವುದಿಲ್ಲ. ನಡುಹಗಲಿನಲ್ಲಿ ಮೋಡದ ಓಟ ಹಿಡಿಯುವ ಆಸೆ ಗಟ್ಟಿಯಾದಾಗ 10 ಸ್ಟಾಪ್ ಕೊಂಡರೆ ಅದು ಚೀಲದಲ್ಲಿ ಕೊಳೆಯದೆ ಕೆಲಸಕ್ಕೆ ಬರುತ್ತದೆ.

ಫಿಲ್ಟರ್ ಹಾಕಿದ ಮೇಲೆ ಎಷ್ಟು ಸೆಕೆಂಡು ಇಡುವುದು ಅಂತ ಗೊತ್ತಾಗುವುದು ಹೇಗೆ?

ಫಿಲ್ಟರ್ ಇಲ್ಲದೆ ಸರಿಯಾದ ಷಟರ್ ಎಷ್ಟೆಂದು ಮೊದಲು ನೋಡಿ, ಎಷ್ಟು ಸ್ಟಾಪಿನ ಫಿಲ್ಟರೋ ಅಷ್ಟು ಸಲ ಆ ಹೊತ್ತನ್ನು ಇಮ್ಮಡಿ ಮಾಡುತ್ತ ಹೋಗಬೇಕು. 6 ಸ್ಟಾಪಿಗೆ 64ರಿಂದ, 10 ಸ್ಟಾಪಿಗೆ ಸುಮಾರು 1000ದಿಂದ ಗುಣಿಸಿದರೂ ಉತ್ತರ ಅದೇ. 1/125 ಸೆಕೆಂಡು ಇದ್ದದ್ದು 6 ಸ್ಟಾಪಿನಲ್ಲಿ ಅರ್ಧ ಸೆಕೆಂಡು, 10 ಸ್ಟಾಪಿನಲ್ಲಿ 8 ಸೆಕೆಂಡು ಆಗುತ್ತದೆ. ಹೆಚ್ಚಿನ ಕ್ಯಾಮೆರಾಗಳಲ್ಲಿ ಸಾಮಾನ್ಯ ಷಟರ್ 30 ಸೆಕೆಂಡಿಗೆ ನಿಲ್ಲುತ್ತದೆ. ಅದಕ್ಕೂ ಹೆಚ್ಚು ಬೇಕಾದರೆ ಬೇಕಾದಷ್ಟು ಹೊತ್ತು ಷಟರ್ ತೆರೆದಿಡುವ ಬಲ್ಬ್ ಮೋಡ್ ಮತ್ತು ಕೇಬಲ್ ರಿಲೀಸ್ ಅಥವಾ ರಿಮೋಟ್ ಬೇಕು.

ಹಾಕಿದ ಮೇಲೆ ಫೋಕಸ್ ಆಗುವುದೇ ಇಲ್ಲ. ಕ್ಯಾಮೆರಾದ ತೊಂದರೆಯಾ?

ಕ್ಯಾಮೆರಾದಲ್ಲಿ ದೋಷವಿಲ್ಲ. 10 ಸ್ಟಾಪಿನ ಹಿಂದೆ ಸಾವಿರದಲ್ಲಿ ಒಂದು ಪಾಲಿನ ಬೆಳಕು ಮಾತ್ರ ಉಳಿಯುವುದರಿಂದ ಆಟೊಫೋಕಸ್ ತಡಕಾಡುತ್ತದೆ. ಮೊದಲು ಚೌಕಟ್ಟು ಹೊಂದಿಸಿ, ಫೋಕಸ್ ಮಾಡಿ, ಲೆನ್ಸನ್ನು ಮ್ಯಾನುವಲ್ ಫೋಕಸಿಗೆ ಬದಲಿಸಿ, ಅನಂತರ ಫೋಕಸ್ ರಿಂಗ್ ತಿರುಗದಂತೆ ಮೆಲ್ಲಗೆ ಫಿಲ್ಟರ್ ಹಾಕಬೇಕು. ಟ್ರೈಪಾಡಿನ ಮೇಲಿರುವಾಗ ಕೈನಡುಕ ಸರಿಪಡಿಸುವ ಸ್ಟೆಬಿಲೈಸೇಶನ್ ಆಫ್ ಮಾಡಿಬಿಡುವುದು ಒಳ್ಳೆಯದು. ಮಿರರ್‌ಲೆಸ್ ಕ್ಯಾಮೆರಾಗಳು 6 ಸ್ಟಾಪಿನ ಮೂಲಕವೂ ಹಗಲಿನಲ್ಲಿ ಹೆಚ್ಚಾಗಿ ಫೋಕಸ್ ಹಿಡಿಯುತ್ತವೆ. ಆದರೂ ಬೆಳಕು ಇಳಿಯುವ ಹೊತ್ತಿಗೆ ಇದೇ ಕ್ರಮ ನಂಬಿಕೆಗೆ ಯೋಗ್ಯ.

## ಕೊಳ್ಳುವ ಮುನ್ನ

ನನ್ನಲ್ಲಿ ಮೂರು ಲೆನ್ಸ್ ಉಂಟು. ಮೂರಕ್ಕೂ ಬೇರೆ ಬೇರೆ ಫಿಲ್ಟರ್ ಬೇಕಾ?

ಬೇಡ. ಪ್ರತಿ ಲೆನ್ಸಿನ ಮುಂಭಾಗದಲ್ಲಿಯೂ ಮುಚ್ಚಳದ ಒಳಬದಿಯಲ್ಲಿಯೂ ಸೊನ್ನೆಗೆ ಗೀಟು ಎಳೆದಂಥ ಚಿಹ್ನೆಯ ಪಕ್ಕ 52, 67, 77 ಎಂಬಂತೆ ಒಂದು ಅಂಕಿ ಇರುತ್ತದೆ. ಅದು ಮಿಲಿಮೀಟರಿನಲ್ಲಿ ಫಿಲ್ಟರಿನ ಅಳತೆ. ಇರುವ ಲೆನ್ಸುಗಳಲ್ಲಿ ದೊಡ್ಡದಕ್ಕೆ ಹೊಂದುವ ಫಿಲ್ಟರ್ ಕೊಂಡು, ಉಳಿದವಕ್ಕೆ ಚಿಕ್ಕ ಲೆನ್ಸಿಗೆ ದೊಡ್ಡ ಫಿಲ್ಟರ್ ಕೂರಿಸುವ ಸ್ಟೆಪ್-ಅಪ್ ರಿಂಗ್ ಹಾಕಿಕೊಂಡರೆ ಸಾಕು. ಮುಂದೆ ದೊಡ್ಡ ಲೆನ್ಸ್ ಕೊಳ್ಳುವ ಯೋಚನೆ ಇರುವವರು ಈಗಲೇ 77 ಅಥವಾ 82 ಮಿಮೀ ಫಿಲ್ಟರ್ ಕೊಳ್ಳುವುದು ಜಾಣತನ. ದೊಡ್ಡ ಫಿಲ್ಟರನ್ನು ಚಿಕ್ಕ ಲೆನ್ಸಿಗೆ ಹಾಕಿದಾಗ ಲೆನ್ಸಿನ ಹುಡ್ ಕೂರುವುದಿಲ್ಲ ಎಂಬ ಅನನುಕೂಲವಿದೆ. ಪಕ್ಕದ ಬಿಸಿಲನ್ನು ಕೈಯಿಂದಲೋ ಟೊಪ್ಪಿಯಿಂದಲೋ ಮರೆಮಾಡಬೇಕಾಗುತ್ತದೆ.

ದುಂಡು ಫಿಲ್ಟರ್ ಒಳ್ಳೆಯದಾ, ಹೋಲ್ಡರಿಗೆ ಹಾಕುವ ಚೌಕದ್ದು ಒಳ್ಳೆಯದಾ?

ಬೆಳಕನ್ನು ಸಮನಾಗಿ ತಗ್ಗಿಸುವ ಎನ್‌ಡಿ ಮಾತ್ರ ಸಾಕೆನ್ನುವವರಿಗೆ ದುಂಡು ಫಿಲ್ಟರೇ ಸರಿ. ಅದು ಜೇಬಿನಲ್ಲಿ ಹಿಡಿಯುತ್ತದೆ, ಗಾಳಿಗೆ ಅಲುಗುವುದಿಲ್ಲ, ಹಿಂದಿನಿಂದ ಬೆಳಕು ನುಸುಳುವುದಿಲ್ಲ. ಆಕಾಶವನ್ನು ಮಾತ್ರ ಕಪ್ಪು ಮಾಡುವ ಗ್ರಾಜುಯೇಟೆಡ್ ಫಿಲ್ಟರನ್ನೂ ಬಳಸುವವರಿಗೆ 100 ಮಿಮೀ ಹೋಲ್ಡರ್ ಅರ್ಥಪೂರ್ಣ, ಏಕೆಂದರೆ ಅದರಲ್ಲಿ ಗಾಜನ್ನು ಮೇಲೆ ಕೆಳಗೆ ಜಾರಿಸಿ ಗೆರೆಯನ್ನು ದಿಗಂತಕ್ಕೆ ಹೊಂದಿಸಬಹುದು. ಮುಂಗಾಜು ಉಬ್ಬಿರುವ, ತಿರುಪಿನ ಹಲ್ಲು ಇಲ್ಲದ ಅತಿ ಅಗಲದ ಲೆನ್ಸುಗಳಿಗೆ ತಿರುಪಿನ ಫಿಲ್ಟರ್ ಹಿಡಿಯುವುದೇ ಇಲ್ಲ. ಅವುಗಳಲ್ಲಿ ಹಲವಕ್ಕೆ 150 ಮಿಮೀ ಹೋಲ್ಡರ್ ಬೇಕಾಗುತ್ತದೆ, ಅದರ ಭಾರವನ್ನೂ ಬೆಲೆಯನ್ನೂ ಮೊದಲೇ ಯೋಚಿಸಬೇಕು.

ಅಯಸ್ಕಾಂತದ ದುಂಡು ಫಿಲ್ಟರುಗಳು ತೆಗೆದು ಹಾಕಲು ಬಹಳ ಹಗುರ. ಬೆಳಕು ಬೇಗ ಬದಲಾಗುವ ಸಂಜೆಗಳಲ್ಲಿ ಈ ಅನುಕೂಲ ದೊಡ್ಡದು. ಬಂಡೆಯ ಮೇಲೆ ನಿಂತು ಕೈಜಾರಿಸಿದರೆ ಮಾತ್ರ ಗಾಜು ನೇರವಾಗಿ ನೀರಿಗೆ ಬೀಳುತ್ತದೆ.

ತಿರುಗಿಸುವ ವೇರಿಯಬಲ್ ಎನ್‌ಡಿ ಒಂದಿದ್ದರೆ ಎಲ್ಲ ಮುಗಿಯಿತಲ್ಲ?

ವಿಡಿಯೊ ಮಾಡುವವರಿಗೆ ಬಹುಮಟ್ಟಿಗೆ ಹೌದು, ಕಡಲಿನ ಸ್ಥಿರಚಿತ್ರಕ್ಕೆ ಅಲ್ಲ. ವೇರಿಯಬಲ್ ಎನ್‌ಡಿಯೊಳಗೆ ಒಂದರ ಮೇಲೊಂದು ಎರಡು ಪೋಲರೈಸರುಗಳಿರುತ್ತವೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಬಿಡುವ ಗಾಜುಗಳು). ಒಂದನ್ನು ತಿರುಗಿಸಿದಂತೆ ಬೆಳಕು ಕಡಿಮೆಯಾಗುತ್ತದೆ. ಅಗಲದ ಲೆನ್ಸಿನಲ್ಲಿ ಅದನ್ನು ಕೊನೆಯವರೆಗೆ ತಿರುಗಿಸಿದರೆ ಚಿತ್ರದ ನಡುವೆ ಗುಣಾಕಾರ ಚಿಹ್ನೆಯಂಥ ಕಪ್ಪು ಪಟ್ಟಿಗಳು ಮೂಡುತ್ತವೆ. ಪೋಲರೈಸರಿನ ಗುಣ ಇರುವುದರಿಂದ ನೀಲಿ ಆಕಾಶದ ಒಂದು ಭಾಗ ಗಾಢವಾಗಿ ಇನ್ನೊಂದು ಭಾಗ ತೆಳುವಾಗಿ ಕಾಣುವುದೂ, ಒದ್ದೆ ಮರಳಿನ ಹೊಳಪು ಬೇಡವೆಂದರೂ ಮಾಯವಾಗುವುದೂ ಇದೆ. ಕೊಳ್ಳುವುದಾದರೆ 2ರಿಂದ 5 ಸ್ಟಾಪಿನಂಥ ಚಿಕ್ಕ ವ್ಯಾಪ್ತಿಯದನ್ನು, ಎರಡೂ ತುದಿಗಳಲ್ಲಿ ತಾನೇ ತಡೆದು ನಿಲ್ಲುವಂಥದನ್ನು ಆರಿಸಬೇಕು.

ಕಡಿಮೆ ಬೆಲೆಯದ್ದು ಹಾಕಿದರೆ ಕಲರ್ ಹಾಳಾಗ್ತದೆ ಅಂತಾರೆ, ನಿಜವಾ?

ಬಣ್ಣದ ಛಾಯೆ ಬೀಳುವುದು ನಿಜ, ಆದರೆ ಅದು ಅಗ್ಗದ ಫಿಲ್ಟರುಗಳಿಗೆ ಮಾತ್ರ ಸೀಮಿತವಲ್ಲ. ಹೆಸರಾಂತ ಲೀ ಕಂಪೆನಿಯ 10 ಸ್ಟಾಪಿನ ಬಿಗ್ ಸ್ಟಾಪರ್ ನೀಲಿಗೆ ವಾಲುತ್ತದೆ, ಬಿ+ಡಬ್ಲ್ಯೂ 110 ಕಂದು ಬೆಚ್ಚಗಿನ ಬಣ್ಣಕ್ಕೆ ವಾಲುತ್ತದೆ ಎಂಬುದು ಬಳಸಿದವರೆಲ್ಲರಿಗೂ ಗೊತ್ತು. ಕ್ಯಾಮೆರಾ ಸಂಸ್ಕರಿಸದೆ ಇಡುವ ರಾ ಫೈಲಿನಲ್ಲಿ ತೆಗೆದರೆ ಇಂಥ ಇಡೀ ಚಿತ್ರಕ್ಕೆ ಸಮನಾಗಿ ಹರಡಿದ ಛಾಯೆಯನ್ನು ವೈಟ್ ಬ್ಯಾಲೆನ್ಸಿನಿಂದ ಸರಿಪಡಿಸಬಹುದು. ಸರಿಪಡಿಸಲು ಬಾರದಿರುವುದು ಎರಡು: ನಡುವೆ ಒಂದು ಬಣ್ಣ, ಅಂಚಿನಲ್ಲಿ ಇನ್ನೊಂದು ಬಣ್ಣ ಇರುವುದು, ಮತ್ತು ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಅವಗೆಂಪು (ಇನ್‌ಫ್ರಾರೆಡ್) ಬೆಳಕನ್ನು ಬಿಟ್ಟುಬಿಡುವುದರಿಂದ ಕಪ್ಪು ಬಟ್ಟೆ, ಹಸಿರೆಲೆಗಳು ಕೆಂಗಂದಾಗಿ ಕಾಣುವುದು. ಸ್ಟಾಪ್ ಹೆಚ್ಚಾದಂತೆ ಎರಡನೆಯ ತೊಂದರೆ ಹೆಚ್ಚುತ್ತದೆ. ಆದ್ದರಿಂದ 3 ಸ್ಟಾಪಿನಲ್ಲಿ ಹಣ ಉಳಿಸಿದರೂ 10 ಸ್ಟಾಪಿನಲ್ಲಿ ಉಳಿಸಲು ಹೋಗಬಾರದು.

ಅಂಗಡಿಯಿಂದ ತಂದ ಮೇಲೆ ಫಿಲ್ಟರ್ ಸರಿ ಉಂಟಾ ಅಂತ ನೋಡುವುದು ಹೇಗೆ?

ಹಿಂದಿರುಗಿಸುವ ಗಡುವು ಮುಗಿಯುವ ಮೊದಲೇ ಮನೆಯಲ್ಲಿ ಪರೀಕ್ಷಿಸಬೇಕು. ಮೋಡ ಓಡದ, ಬೆಳಕು ಸ್ಥಿರವಾಗಿರುವ ಹೊತ್ತಿನಲ್ಲಿ ನೆರಳಿನಲ್ಲಿರುವ ಬಿಳಿ ಗೋಡೆಯ ಮುಂದೆ ಟ್ರೈಪಾಡ್ ನಿಲ್ಲಿಸಿ. ವೈಟ್ ಬ್ಯಾಲೆನ್ಸನ್ನು ಡೇಲೈಟಿಗೆ, ಎಕ್ಸ್‌ಪೋಷರನ್ನು ಮ್ಯಾನುವಲಿಗೆ ಕಟ್ಟಿಹಾಕಿ ಫಿಲ್ಟರ್ ಇಲ್ಲದೆ ಒಂದು ಚಿತ್ರ ತೆಗೆಯಿರಿ. ಫಿಲ್ಟರ್ ಹಾಕಿ, ಅದು 6 ಸ್ಟಾಪ್ ಎನ್ನುವುದಾದರೆ ಷಟರನ್ನು ಸರಿಯಾಗಿ 64 ಪಟ್ಟು ಹೆಚ್ಚಿಸಿ ಇನ್ನೊಂದು ತೆಗೆಯಿರಿ. ಬೆಳಕಿನ ಹಂಚಿಕೆ ತೋರಿಸುವ ನಕ್ಷೆಗಳಾದ ಎರಡೂ ಹಿಸ್ಟೋಗ್ರಾಂಗಳು ಒಂದರ ಮೇಲೊಂದು ಕೂತರೆ ಡಬ್ಬಿಯ ಮೇಲಿನ ಅಂಕಿ ನಿಜ. ಕೂರದಿದ್ದರೆ ಎಷ್ಟು ವ್ಯತ್ಯಾಸವೆಂದು ಷಟರನ್ನು ಮೂರನೇ ಒಂದು ಸ್ಟಾಪಿನಂತೆ ಬದಲಿಸಿ ಕಂಡುಕೊಂಡು ಡಬ್ಬಿಯ ಮೇಲೆ ಬರೆದಿಡಿ. 10 ಎಂದು ಮಾರುವ ಫಿಲ್ಟರ್ ವಾಸ್ತವದಲ್ಲಿ ಒಂಬತ್ತೂವರೆಯೋ ಹತ್ತೂವರೆಯೋ ಆಗಿರುವುದು ಅಪರೂಪವಲ್ಲ, ಗೊತ್ತಿದ್ದರೆ ಅದರಿಂದ ನಷ್ಟವೂ ಇಲ್ಲ.

ಅನಂತರ ಅದೇ ಚಿತ್ರದ ನಾಲ್ಕು ಮೂಲೆಗಳ ಬಣ್ಣವನ್ನು ನಡುವಿನ ಬಣ್ಣದೊಂದಿಗೆ ಹೋಲಿಸಿ ನೋಡಿ. ಕೊನೆಯದಾಗಿ, ದೂರದ ಹಂಚಿನ ಮಾಡನ್ನು ಟೆಲಿಲೆನ್ಸಿನಲ್ಲಿ ಫಿಲ್ಟರ್ ಇದ್ದೂ ಇಲ್ಲದೆಯೂ ತೆಗೆದು, ಹಂಚುಗಳ ಅಂಚು ಎರಡರಲ್ಲಿಯೂ ಅಷ್ಟೇ ಚೊಕ್ಕವಾಗಿದೆಯೇ ಎಂದು ಪರದೆಯಲ್ಲಿ ಹಿಗ್ಗಿಸಿ ನೋಡಿ. ಗಾಜು ಸಮತಟ್ಟಾಗಿಲ್ಲದಿದ್ದರೆ ಅಗಲದ ಲೆನ್ಸ್ ಅದನ್ನು ಮುಚ್ಚಿಹಾಕುತ್ತದೆ, ಟೆಲಿಲೆನ್ಸ್ ಬಯಲುಮಾಡುತ್ತದೆ.

ಯುವಿ ಫಿಲ್ಟರಿನ ಮೇಲೆಯೇ ಎನ್‌ಡಿ ಹಾಕಬಹುದಾ?

ಲೆನ್ಸಿನ ರಕ್ಷಣೆಗೆಂದು ಹಾಕಿಟ್ಟ ಯುವಿ ಬಿಚ್ಚಿ, ಆಮೇಲೆ ಎನ್‌ಡಿ ಹಾಕಬೇಕು. ಒಂದರ ಮೇಲೊಂದು ಗಾಜು ಹೆಚ್ಚಿದಷ್ಟೂ ಒಳಗೊಳಗೇ ಪ್ರತಿಫಲನ ಹೆಚ್ಚುತ್ತದೆ, ಅಗಲದ ಲೆನ್ಸಿನಲ್ಲಿ ಮೂಲೆಗಳು ಕಪ್ಪಾಗುತ್ತವೆ.

## ಕಡಲು, ಜಲಪಾತ, ಕಂಬಳ

ನೀರು ಹಾಲಿನ ಹಾಗೆ ಬರ್ತದೆ, ಆದರೆ ಫೋಟೊದಲ್ಲಿ ಜೀವವೇ ಇಲ್ಲ. ಏನು ಮಾಡುವುದು?

ಷಟರ್ ವಿಪರೀತ ಉದ್ದವಾಗಿದೆ. ತೆರೆಯ ಆಕಾರ ಉಳಿದು ಚಲನೆಯೂ ಕಾಣಬೇಕಾದರೆ ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನವರೆಗಿನ ಹೊತ್ತು ತಕ್ಕದ್ದು. ಬಂಡೆಗೆ ಬಡಿದು ಸಿಡಿಯುವ ತೆರೆಗೆ ಕಾಲು ಸೆಕೆಂಡು, ಮರಳಿನ ಮೇಲೆ ಜಾರಿ ವಾಪಸು ಹೋಗುವ ನೊರೆಗೆ ಒಂದು ಸೆಕೆಂಡು. ಇದಕ್ಕಿಂತಲೂ ಮುಖ್ಯವಾದದ್ದು ಷಟರ್ ಒತ್ತುವ ಗಳಿಗೆ. ತೆರೆ ಮೇಲೇರಿ ಬರುವಾಗ ಒತ್ತಿದರೆ ಬಿಳಿಯ ಮುದ್ದೆ ಸಿಗುತ್ತದೆ. ಅದು ಪೂರ್ತಿ ಏರಿ ಒಂದು ಕ್ಷಣ ನಿಂತು, ನೊರೆ ಹರಿದು ಎಳೆಎಳೆಯಾಗಿ ಹಿಂದೆ ಸರಿಯತೊಡಗಿದಾಗ ಒತ್ತಿದರೆ ಆ ಎಳೆಗಳು ಕಡಲಿನ ಕಡೆಗೆ ಗೆರೆಗಳಾಗಿ ಮೂಡುತ್ತವೆ. ನೋಡುವವರ ಕಣ್ಣು ಆ ಗೆರೆಗಳನ್ನು ಹಿಡಿದು ಚಿತ್ರದ ಒಳಕ್ಕೆ ಹೋಗುತ್ತದೆ. ಕಾಪು ದೀಪಸ್ತಂಭದ ಬುಡದ ಬಂಡೆಗಳಲ್ಲಿ, ಸೋಮೇಶ್ವರದ ಕಲ್ಲುಗಳ ನಡುವೆ ಇದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಬಹುದು.

ಟ್ರೈಪಾಡಿನ ವಿಷಯದಲ್ಲಿಯೂ ಎಚ್ಚರ ಬೇಕು. ಒದ್ದೆ ಮರಳಿನಲ್ಲಿ ಪ್ರತಿ ತೆರೆಯೂ ಕಾಲುಗಳ ಬುಡದ ಮರಳನ್ನು ಕೊಚ್ಚಿಕೊಂಡು ಹೋಗುವುದರಿಂದ, ಮೂರೂ ಕಾಲುಗಳನ್ನು ಗಟ್ಟಿಯಾಗಿ ಒತ್ತಿ ಊರಿ, ಒಂದು ತೆರೆ ಬಂದು ಹೋಗುವವರೆಗೆ ಕಾದು, ಟ್ರೈಪಾಡ್ ತಾನಾಗಿಯೇ ಕೂತ ಮೇಲೆ ಚಿತ್ರ ತೆಗೆಯಬೇಕು. ಬಂದರಿನಲ್ಲಿ ಲಂಗರು ಹಾಕಿದ ದೋಣಿಗಳು ಸದಾ ತೊನೆಯುತ್ತಿರುತ್ತವೆ. ಅವು ಚೌಕಟ್ಟಿನಲ್ಲಿದ್ದರೆ ಉದ್ದದ ಷಟರ್ ಬಿಟ್ಟು ಬೇರೆ ಯೋಚನೆ ಮಾಡುವುದೇ ಸರಿ. ದಡದ ತೆಂಗಿನ ಗರಿಗಳಿಗೂ ಇದೇ ಮಾತು ಸಲ್ಲುತ್ತದೆ, ಕಡಲಗಾಳಿ ಏಳುವ ಮಧ್ಯಾಹ್ನದ ನಂತರವಂತೂ ಇನ್ನೂ ಹೆಚ್ಚು.

ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗುವಾಗ ಯಾವ ಫಿಲ್ಟರ್ ಇಟ್ಟುಕೊಳ್ಳಲಿ?

10 ಸ್ಟಾಪ್ ನಿಜಕ್ಕೂ ಬೇಕಾಗುವ ಜಾಗ ಅದು. ಮಲ್ಪೆಯಿಂದ ದೋಣಿ ಹೊರಡುವ ಹೊತ್ತಿಗೆ ಬಿಸಿಲು ಏರಿರುತ್ತದೆ, ಕತ್ತಲಾಗುವ ಮುನ್ನ ವಾಪಸಾಗಬೇಕು. ಹೀಗಾಗಿ ಅಲ್ಲಿ ಸಿಗುವುದು ಗಟ್ಟಿ ಬಿಸಿಲೇ. ಐಎಸ್‌ಒ 100, ಎಫ್/11ರಲ್ಲಿ 1/200 ಸೆಕೆಂಡು ಇರುವಲ್ಲಿ 6 ಸ್ಟಾಪ್ ಮೂರನೇ ಒಂದು ಸೆಕೆಂಡು ಕೊಡುತ್ತದೆ, ಕಲ್ಲಿನ ಕಂಬಗಳ ಸಂದಿನಲ್ಲಿ ನುಗ್ಗುವ ನೀರಿಗೆ ಅದು ಸಾಕು. 10 ಸ್ಟಾಪ್ 5 ಸೆಕೆಂಡು ಕೊಡುತ್ತದೆ. ಅದರ ಜೊತೆ ಒಂದೂವರೆ ಸ್ಟಾಪ್ ತಿನ್ನುವ ಸಿಪಿಎಲ್ (ಹೊಳಪು ತೆಗೆಯುವ ಪೋಲರೈಸರ್ ಫಿಲ್ಟರ್) ಸೇರಿಸಿದರೆ 14 ಸೆಕೆಂಡಿನ ಆಸುಪಾಸು ಆಗಿ, ನೀರು ನಯವಾದ ಹಾಸಿನಂತೆ ಹರಡಿ ಷಟ್ಕೋನದ ಕಲ್ಲುಗಳ ಅಂಚು ಎದ್ದು ಕಾಣುತ್ತದೆ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಇರುವುದಿಲ್ಲ ಎಂಬುದನ್ನು ನೆನಪಿಡಬೇಕು.

ಜೋಮ್ಲು ತೀರ್ಥ, ಕೂಡ್ಲು ತೀರ್ಥಕ್ಕೆ ಹೋಗುವಾಗ?

ಸಿಪಿಎಲ್ ಸಾಕು, ಎನ್‌ಡಿ ಹೆಚ್ಚಾಗಿ ಬೇಕಾಗುವುದೇ ಇಲ್ಲ. ಮರಗಳ ನೆರಳು, ಮೇಲೆ ಮೋಡ, ಇವೆರಡೂ ಸೇರಿದಾಗ ಎಫ್/11ರಲ್ಲಿ ಷಟರ್ ತಾನಾಗಿಯೇ ಕಾಲು ಸೆಕೆಂಡಿನ ಹತ್ತಿರ ಬಂದಿರುತ್ತದೆ. ಧುಮುಕುವ ನೀರಿಗೆ ಅಷ್ಟೇ ಬೇಕಾದದ್ದು. ಒದ್ದೆ ಕಲ್ಲು ಮತ್ತು ಎಲೆಗಳ ಬಿಳಿ ಹೊಳಪನ್ನು ತೆಗೆದು ಹಸಿರನ್ನು ತೋರಿಸುವ ಕೆಲಸವನ್ನು ಸಿಪಿಎಲ್ ಮಾತ್ರ ಮಾಡಬಲ್ಲುದು. ಮಳೆಗಾಲದಲ್ಲಿ ಹೊಳೆಯ ನೀರು ಏರುವುದಕ್ಕೆ ಹೊತ್ತುಗೊತ್ತಿಲ್ಲ, ಅರಣ್ಯ ಇಲಾಖೆಯವರು ದಾರಿ ಮುಚ್ಚಿದ್ದರೆ ಮರಳಿ ಬರಬೇಕು.

ಕಂಬಳದಲ್ಲಿ ಕೋಣ ಶಾರ್ಪ್, ಹಿನ್ನೆಲೆ ಗೀರುಗೀರಾಗಿ ಬರುವ ಫೋಟೊಗೆ ಎನ್‌ಡಿ ಬೇಕಾ?

ಹಗಲಿನ ಓಟಕ್ಕೆ ಬೇಕು. ಓಟವನ್ನು ಹಿಂಬಾಲಿಸಿ ಕ್ಯಾಮೆರಾ ತಿರುಗಿಸುತ್ತ ತೆಗೆಯುವ ಪ್ಯಾನಿಂಗಿಗೆ 1/25ರಿಂದ 1/60 ಸೆಕೆಂಡಿನ ಷಟರ್ ಬೇಕಾಗುತ್ತದೆ. ಬಿಸಿಲಿನಲ್ಲಿ ಎಫ್/11 ಇಟ್ಟರೂ 1/200 ಇರುವುದರಿಂದ 3 ಸ್ಟಾಪ್ ಹಾಕಿದರೆ ಸರಿಯಾಗಿ 1/25ಕ್ಕೆ ಇಳಿಯುತ್ತದೆ. 3 ಸ್ಟಾಪಿನ ಮೂಲಕ ವ್ಯೂಫೈಂಡರ್ ಸಾಕಷ್ಟು ಬೆಳಗಿರುತ್ತದೆ, ಆಟೊಫೋಕಸ್ ಕೂಡ ಹಿಂಬಾಲಿಸುತ್ತದೆ. ಕರೆಗೆ (ಕೋಣಗಳು ಓಡುವ ಕೆಸರಿನ ಹಾದಿಗೆ) ಅಡ್ಡಲಾಗಿ, ಕೋಣಗಳು ನಮ್ಮ ಮುಂದೆ ಹಾದು ಹೋಗುವಂತೆ ನಿಂತು, ಅವು ದೂರವಿರುವಾಗಲೇ ಹಿಂಬಾಲಿಸತೊಡಗಿ, ಷಟರ್ ಮುಚ್ಚಿದ ಮೇಲೆಯೂ ಒಂದಿಷ್ಟು ದೂರ ಕ್ಯಾಮೆರಾ ತಿರುಗಿಸುತ್ತಲೇ ಇರಬೇಕು. ಓಟ ಮುಗಿಯುವ ತುದಿಯಾದ ಮಂಜೊಟ್ಟಿಯಲ್ಲಿ ಎದುರು ನಿಂತು ನೀರು ಚಿಮ್ಮುವುದನ್ನು ಹಿಡಿಯುವುದಾದರೆ 1/1000 ಅಥವಾ ಅದಕ್ಕೂ ವೇಗದ ಷಟರ್ ಬೇಕು. ಆಗ ಫಿಲ್ಟರ್ ತೆಗೆದಿಡಬೇಕು.

ಸೂರ್ಯಾಸ್ತದಲ್ಲಿ ಆಕಾಶ ಸರಿ ಬಂದರೆ ಮರಳು ಕಪ್ಪು, ಮರಳು ಸರಿ ಬಂದರೆ ಆಕಾಶ ಬಿಳಿ. ಎನ್‌ಡಿ ಹಾಕಿದರೆ ಸರಿಯಾಗ್ತದಾ?

ಸಾಮಾನ್ಯ ಎನ್‌ಡಿಯಿಂದ ಆಗುವುದಿಲ್ಲ, ಅದು ಎರಡನ್ನೂ ಒಂದೇ ಅಳತೆಯಲ್ಲಿ ತಗ್ಗಿಸುತ್ತದೆ. ಮೇಲರ್ಧ ಕಪ್ಪಾಗಿ ಕೆಳಗರ್ಧ ತಿಳಿಯಾಗಿರುವ ಗ್ರಾಜುಯೇಟೆಡ್ ಎನ್‌ಡಿ ಬೇಕು. ದಿಗಂತ ನೇರ ಗೆರೆಯಾಗಿರುವ ತೆರೆದ ಕಡಲಿಗೆ ಕಪ್ಪು ಥಟ್ಟನೆ ಮುಗಿಯುವ ಹಾರ್ಡ್ ಬಗೆಯದು ಸರಿ. ತೆಂಗಿನ ಮರವೋ ದೀಪಸ್ತಂಭವೋ ದಿಗಂತವನ್ನು ದಾಟಿ ನಿಂತಿದ್ದರೆ ಅದರ ತಲೆ ಕಪ್ಪಾಗದಂತೆ, ಕಪ್ಪು ಮೆಲ್ಲಗೆ ತಿಳಿಯಾಗುವ ಸಾಫ್ಟ್ ಬಗೆಯದು ಬೇಕು. ಸೂರ್ಯ ನೀರಿನ ಗೆರೆಯ ಮೇಲೆಯೇ ಇರುವಾಗ ಬೆಳಕು ಅಲ್ಲಿಯೇ ಅತಿ ಹೆಚ್ಚು. ಅದಕ್ಕೆಂದೇ ಗೆರೆಯ ಬಳಿ ಗಾಢವಾಗಿ ಮೇಲಕ್ಕೆ ತೆಳುವಾಗುವ ರಿವರ್ಸ್ ಗ್ರಾಜುಯೇಟೆಡ್ ಇದೆ, ಪಡುವಣ ಕಡಲಿನ ನಮ್ಮವರಿಗೆ ಅದು ಚೆನ್ನಾಗಿ ಒದಗುತ್ತದೆ. ತಿರುಪಿನ ದುಂಡು ಗ್ರಾಜುಯೇಟೆಡ್ ಕೊಳ್ಳಬಾರದು, ಅದರ ಗೆರೆ ಯಾವಾಗಲೂ ಚಿತ್ರದ ನಟ್ಟನಡುವೆ ಬೀಳುತ್ತದೆ.

ಬೀಚಿನಿಂದ ಬಂದ ಮೇಲೆ ಫಿಲ್ಟರಿನಲ್ಲಿ ಬಿಳಿ ಪೊರೆ ಕೂರ್ತದೆ. ಬಟ್ಟೆಯಲ್ಲಿ ಒರೆಸಿದರೆ ಆಗ್ತದಾ?

ಒಣ ಬಟ್ಟೆಯಿಂದ ಒರೆಸಲೇಬಾರದು. ಆ ಪೊರೆ ಉಪ್ಪು, ಅದರೊಳಗೆ ಮರಳಿನ ಸಣ್ಣ ಕಣಗಳಿರುತ್ತವೆ. ಒರೆಸಿದರೆ ಗಾಜಿನ ಲೇಪನ ಗೀಚಿಹೋಗುತ್ತದೆ. ಗಾಜಿನ ಫಿಲ್ಟರನ್ನು ಲೆನ್ಸಿನಿಂದ ಬಿಡಿಸಿ, ಸಿಹಿನೀರಿನಲ್ಲಿ ಹಿಡಿದು ಉಪ್ಪು ಕರಗಿಸಿ, ಬ್ಲೋವರಿನಿಂದ ನೀರು ಊದಿ ತೆಗೆದು, ಆಮೇಲೆ ಮೈಕ್ರೋಫೈಬರ್ ಬಟ್ಟೆಯಿಂದ ಮೆಲ್ಲಗೆ ಒತ್ತಿ ಒರೆಸಬೇಕು. ವೇರಿಯಬಲ್ ಎನ್‌ಡಿ ಮತ್ತು ಸಿಪಿಎಲ್‌ಗಳನ್ನು ನೀರಿನಲ್ಲಿ ಹಿಡಿಯಬಾರದು, ಪದರಗಳ ನಡುವೆ ನೀರು ಸೇರುತ್ತದೆ. ಅವುಗಳಿಗೆ ಒದ್ದೆ ಬಟ್ಟೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫಿಲ್ಟರುಗಳನ್ನು ಚರ್ಮದ ಚೀಲದಲ್ಲಿ ಇಡುವುದು ಬೂಸ್ಟು ಬೆಳೆಸಲು ಕೊಟ್ಟ ಆಹ್ವಾನ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಸಾಕು, ಡ್ರೈ ಕ್ಯಾಬಿನೆಟ್ ಇದ್ದರೆ ತೇವಾಂಶ ಶೇಕಡಾ 40ರಿಂದ 50ರ ನಡುವೆ ಇರಲಿ.

ಫಿಲ್ಟರ್ ಸಿಕ್ಕಿಹಾಕಿಕೊಂಡು ಬಿಚ್ಚಲಿಕ್ಕೇ ಆಗುವುದಿಲ್ಲ.

ಹಿಂಡಿ ಹಿಡಿದು ತಿರುಗಿಸಿದರೆ ರಿಂಗ್ ಅಂಡಾಕಾರವಾಗಿ ಇನ್ನಷ್ಟು ಬಿಗಿಯುತ್ತದೆ. ಸುತ್ತಲೂ ಅಗಲದ ರಬ್ಬರ್ ಬ್ಯಾಂಡ್ ಹಾಕಿ, ಎಲ್ಲ ಬೆರಳುಗಳನ್ನೂ ಸಮನಾಗಿ ಹರಡಿ, ಒತ್ತದೆ ತಿರುಗಿಸಬೇಕು. ಉಪ್ಪುಗಾಳಿಯಲ್ಲಿ ಅಲ್ಯೂಮಿನಿಯಂ ರಿಂಗುಗಳು ಹಿತ್ತಾಳೆಯವಕ್ಕಿಂತ ಬೇಗ ಕಚ್ಚಿಕೊಳ್ಳುತ್ತವೆ. ಪ್ರತಿ ಸಲ ಬಳಸಿದ ಮೇಲೆ ತಿರುಪಿನ ಹಲ್ಲುಗಳನ್ನು ಒರೆಸಿಟ್ಟರೆ ಈ ಕಷ್ಟ ಬರುವುದಿಲ್ಲ.

## ಇನ್ನೂ ಮುಂದಿನ ಪ್ರಶ್ನೆಗಳು

ಮದುವೆಯ ಔಟ್‌ಡೋರ್ ವಿಡಿಯೊಗೆ ಎಷ್ಟು ಸ್ಟಾಪ್ ಬೇಕು?

ಚಲನೆ ಸಹಜವಾಗಿ ಕಾಣಲು ಷಟರ್ ಫ್ರೇಮಿನ ಅರ್ಧದಷ್ಟು ಹೊತ್ತು ತೆರೆದಿರಬೇಕೆಂಬುದು ಸಿನಿಮಾದವರ ರೂಢಿ. ಸೆಕೆಂಡಿಗೆ 25 ಫ್ರೇಮಿಗೆ ಅದು 1/50. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಅದೇ ಷಟರಿನಲ್ಲಿ ಹಾಲ್‌ನೊಳಗಿನ ದೀಪಗಳ ಮಿನುಗೂ ಬರುವುದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಐಎಸ್‌ಒ 100, ಎಫ್/2.8ಕ್ಕೆ 1/3200 ಬೇಕಾಗುತ್ತದೆ. ಅದನ್ನು 1/50ಕ್ಕೆ ತರಲು 6 ಸ್ಟಾಪ್ ಬೇಕು. ಆಮೇಲೆ ಬಣ್ಣ ತಿದ್ದಲೆಂದು ಮಂಕಾಗಿ ದಾಖಲಿಸುವ ಲಾಗ್ ಪ್ರೊಫೈಲಿನಲ್ಲಿ ಕನಿಷ್ಠ ಐಎಸ್‌ಒ 800 ಎನ್ನುವ ಕ್ಯಾಮೆರಾಗಳಿಗೆ ಇನ್ನೂ 3 ಸ್ಟಾಪ್ ಸೇರಿ 9 ಆಗುತ್ತದೆ, 2ರಿಂದ 5 ಸ್ಟಾಪಿನ ವೇರಿಯಬಲ್ ಎನ್‌ಡಿ ಅಲ್ಲಿ ಸಾಲುವುದಿಲ್ಲ. ಅಂಥವರು 6ರಿಂದ 9ರ ವ್ಯಾಪ್ತಿಯ ಇನ್ನೊಂದನ್ನು ಇಟ್ಟುಕೊಳ್ಳಬೇಕು.

ಬಿಸಿಲಿನಲ್ಲಿ ಎಫ್/1.4ರಲ್ಲಿ ಫ್ಲ್ಯಾಶ್ ಹಾಕಿ ಪೋರ್ಟ್ರೇಟ್ ತೆಗೆಯಬೇಕು. ಎನ್‌ಡಿ ಹಾಕಿದರೆ ಫ್ಲ್ಯಾಶ್ ಕೂಡ ಕಡಿಮೆ ಆಗುವುದಿಲ್ಲವಾ?

ಆಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದೇ ಹೊರಡಬೇಕು. ಬಿಸಿಲಿನಲ್ಲಿ ಎಫ್/1.4ಕ್ಕೆ 1/12800 ಸೆಕೆಂಡು ಬೇಕಾಗುತ್ತದೆ. ಫ್ಲ್ಯಾಶ್ ಜೊತೆಗೂಡುವ 1/200ಕ್ಕೆ ಇಳಿಸಲು 6 ಸ್ಟಾಪ್ ಸರಿಹೋಗುತ್ತದೆ. ಆದರೆ ಫ್ಲ್ಯಾಶಿನ ಬೆಳಕೂ ಅದೇ ಗಾಜಿನ ಮೂಲಕ ಬರುವುದರಿಂದ, ಫಿಲ್ಟರಿಲ್ಲದೆ ಎಫ್/11ರಲ್ಲಿ ತೆಗೆಯಲು ಎಷ್ಟು ಶಕ್ತಿ ಬೇಕೋ ಅಷ್ಟು ಫ್ಲ್ಯಾಶ್ ಬೇಕಾಗುತ್ತದೆ. ಕ್ಯಾಮೆರಾದ ಮೇಲೆ ಕೂರುವ ಚಿಕ್ಕ ಫ್ಲ್ಯಾಶ್ ಹತ್ತಿರದಿಂದ ಹಾಕಿದರೆ ಮಾತ್ರ ನಿಭಾಯಿಸುತ್ತದೆ. ಫ್ಲ್ಯಾಶ್ ಇಲ್ಲದೆ ತೆಗೆಯುವುದಾದರೆ 3 ಸ್ಟಾಪ್ ಹಾಕಿ 1/1600ಕ್ಕೆ ಇಳಿಸಿಕೊಂಡರೆ ಸಾಕು.

ಎರಡು ಮೂರು ನಿಮಿಷದ ಎಕ್ಸ್‌ಪೋಷರಿನಲ್ಲಿ ಬಿಳಿ ಚುಕ್ಕಿಗಳು ಬರ್ತವೆ, ಲೆಕ್ಕ ಹಾಕಿದ್ದಕ್ಕಿಂತ ಕಪ್ಪಾಗಿಯೂ ಬರ್ತದೆ.

ಇವು ಬೇರೆ ಬೇರೆ ತೊಂದರೆಗಳು. ಚುಕ್ಕಿಗಳು ಸೆನ್ಸರ್ ಬಿಸಿಯಾಗುವುದರಿಂದ ಬರುವಂಥವು, ನಮ್ಮ ಸೆಕೆಯಲ್ಲಿ ಸಹಜವಾಗಿಯೇ ಹೆಚ್ಚು. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಹಾಕಿದರೆ ಕ್ಯಾಮೆರಾ ಷಟರ್ ಮುಚ್ಚಿ ಅಷ್ಟೇ ಹೊತ್ತಿನ ಇನ್ನೊಂದು ಚಿತ್ರ ತೆಗೆದು ಚುಕ್ಕಿಗಳನ್ನು ಕಳೆಯುತ್ತದೆ. ಮೂರು ನಿಮಿಷದ ಚಿತ್ರಕ್ಕೆ ಆರು ನಿಮಿಷ ಹಿಡಿಯುತ್ತದೆ. ಕಪ್ಪಾಗುವುದಕ್ಕೆ ಕಾರಣ ಮುಸ್ಸಂಜೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ನೆಟ್ಟಗೆ ಇಳಿಯುವುದರಿಂದ ಮುಳುಗಿದ ಮೇಲೆ ಸುಮಾರು ಮೂರು ನಾಲ್ಕು ನಿಮಿಷಗಳಿಗೊಮ್ಮೆ ಒಂದು ಸ್ಟಾಪ್ ಬೆಳಕು ಕಡಿಮೆಯಾಗುತ್ತ ಹೋಗುತ್ತದೆ. ಲೆಕ್ಕ ಎರಡು ನಿಮಿಷ ಎಂದರೆ ಮೂರು ನಿಮಿಷದ ಹತ್ತಿರ ಇಡುವುದು ವಾಸಿ.

ಚಿತ್ರದಲ್ಲಿ ನೇರಳೆ ಪಟ್ಟಿಯೋ ಮಸುಕು ಬೆಳಕೋ ಕಂಡರೆ ಅದು ನುಸುಳಿ ಬಂದ ಬೆಳಕು. ಡಿಎಸ್‌ಎಲ್‌ಆರ್ ಆಗಿದ್ದರೆ ವ್ಯೂಫೈಂಡರನ್ನು ಕಪ್ಪು ಟೇಪಿನಿಂದ ಮುಚ್ಚಬೇಕು, ಚೌಕ ಫಿಲ್ಟರ್ ಆಗಿದ್ದರೆ ಹೋಲ್ಡರಿನ ಹಿಂದಿನ ಸಂದಿಗೆ ಬಟ್ಟೆ ಸುತ್ತಬೇಕು.

ಉಡುಪಿಯ ರಥಬೀದಿಯಲ್ಲಿ ಜನರೇ ಇಲ್ಲದ ಹಾಗೆ ಹಗಲಿನಲ್ಲಿ ಫೋಟೊ ತೆಗೆಯಲಿಕ್ಕೆ ಆಗ್ತದಾ? ಫಿಲ್ಟರ್ ಇಲ್ಲದೆ?

ನಡೆಯುತ್ತಿರುವವರು ಅಳಿಸಿಹೋಗುತ್ತಾರೆ, ನಿಂತವರು ನೆರಳಿನಂತೆ ಉಳಿಯುತ್ತಾರೆ. ಎಷ್ಟೇ ಕಪ್ಪು ಫಿಲ್ಟರ್ ಹಾಕಿದರೂ ಈ ಮಿತಿ ತಪ್ಪುವುದಿಲ್ಲ. ಇಲ್ಲಿ ಫಿಲ್ಟರಿಗಿಂತ ಸಾಫ್ಟ್‌ವೇರ್ ದಾರಿಯೇ ಮೇಲು. ಟ್ರೈಪಾಡ್ ಅಲುಗದಂತೆ ಒಂದಿಷ್ಟು ಹೊತ್ತು ಬಿಟ್ಟು ಬಿಟ್ಟು ಇಪ್ಪತ್ತು ಮೂವತ್ತು ಚಿತ್ರ ತೆಗೆದು, ಅವುಗಳನ್ನು ಒಂದರ ಮೇಲೊಂದು ಇಟ್ಟು ಮೀಡಿಯನ್ (ಎಲ್ಲ ಚಿತ್ರಗಳ ನಡುವಿನ ಬೆಲೆ) ಲೆಕ್ಕ ಹಾಕಿಸಿದರೆ, ಹೆಚ್ಚಿನ ಚಿತ್ರಗಳಲ್ಲಿ ಖಾಲಿ ಇದ್ದ ಜಾಗ ಖಾಲಿಯಾಗಿಯೇ ಬರುತ್ತದೆ. ಮೀಡಿಯನ್ ಬದಲು ಸರಾಸರಿ ತೆಗೆದರೆ ನೀರು, ಮೋಡಗಳಿಗೆ ಎನ್‌ಡಿ ಹಾಕಿದಂಥ ನಯ ಬರುತ್ತದೆ. 16 ಚಿತ್ರಗಳ ಸರಾಸರಿಯಲ್ಲಿ ನಾಯ್ಸ್ ಕೂಡ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. 2019ರಲ್ಲಿ ಬಂದ ಒಲಿಂಪಸ್ ಇ-ಎಂ1ಎಕ್ಸ್ ಈ ಸರಾಸರಿಯನ್ನು ಲೈವ್ ಎನ್‌ಡಿ ಎಂಬ ಹೆಸರಿನಲ್ಲಿ ಕ್ಯಾಮೆರಾದೊಳಗೇ ಮಾಡತೊಡಗಿತು, ಮೊಬೈಲಿನ ಲಾಂಗ್ ಎಕ್ಸ್‌ಪೋಷರ್ ಮೋಡ್ ಕೂಡ ಇದೇ ಬಗೆಯದು. ಆದರೆ ಎರಡು ಚಿತ್ರಗಳ ನಡುವೆ ಬಿಡುವು ಬೀಳುವುದರಿಂದ ಹಿಂದೆ ಸರಿಯುವ ನೊರೆಯ ಗೆರೆಗಳು ಕಡಿದು ಕಡಿದು ಬರುತ್ತವೆ. ಅಲ್ಲಿಗೆ ಗಾಜಿನ ಫಿಲ್ಟರೇ ಬೇಕು.

ಎನ್‌ಡಿ 1000 ಇದ್ದರೆ ಸೂರ್ಯಗ್ರಹಣದ ಫೋಟೊ ತೆಗೆಯಬಹುದಾ?

ಬಾರದು. 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಕಣ ಗ್ರಹಣ ಕಂಡಾಗಿನಿಂದ ಈ ಪ್ರಶ್ನೆ ಬರುತ್ತಲೇ ಇದೆ. ಸೂರ್ಯನಿಗೆ ಬಳಸುವ ಫಿಲ್ಟರಿನ ಸಾಂದ್ರತೆ 5.0, ಅಂದರೆ ಅದು ಬಿಡುವುದು ಲಕ್ಷದಲ್ಲಿ ಒಂದು ಪಾಲಿನ ಬೆಳಕು. ಎನ್‌ಡಿ 1000 ಅದರ ನೂರು ಪಟ್ಟು ಬೆಳಕನ್ನು ಬಿಡುತ್ತದೆ, ಕಾಣದ ಅವಗೆಂಪು ಬೆಳಕನ್ನು ಇನ್ನೂ ಹೆಚ್ಚು ಬಿಡುವುದುಂಟು. ಡಿಎಸ್‌ಎಲ್‌ಆರ್ ವ್ಯೂಫೈಂಡರಿನಲ್ಲಿ ಅದರ ಮೂಲಕ ಸೂರ್ಯನನ್ನು ನೋಡಿದರೆ ಕಣ್ಣಿಗೆ ಶಾಶ್ವತ ಹಾನಿಯಾಗಬಹುದು. ಎರಡು ಫಿಲ್ಟರ್ ಸೇರಿಸಿ 16 ಸ್ಟಾಪ್ ಮಾಡಿಕೊಳ್ಳುವುದೂ ಇದೇ ಕಾರಣಕ್ಕೆ ಸಲ್ಲದು. ಸೂರ್ಯನ ವೀಕ್ಷಣೆಗೆಂದೇ ತಯಾರಿಸಿದ ಫಿಲ್ಟರನ್ನು ಲೆನ್ಸಿನ ಮುಂದೆ ಹಾಕಿ, ಅದು ಗಾಳಿಗೆ ಹಾರದಂತೆ ಟೇಪ್ ಸುತ್ತಿ, ಲೈವ್ ವ್ಯೂ ಪರದೆಯಲ್ಲಿ ಮಾತ್ರ ನೋಡಿ ಚಿತ್ರ ತೆಗೆಯಬೇಕು.